ಕೇಸ್ ಶೀಟಿನಲ್ಲಿ ಬರೆಯುವ ಮೊದಲು: ಹೊಸದಾಗಿ ವಾರ್ಡಿಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳಿಗೆ

ನರ್ಸಿಂಗ್ ಮೊದಲ ವರ್ಷದಲ್ಲಿ ಮೂಲಪಾಠಕ್ಕೆ ಒಂದು ದಪ್ಪ ಪುಸ್ತಕ ಇರುತ್ತದೆ. ನೀತಿಯ ಪಾಠ ಅದರಲ್ಲಿ ಎಲ್ಲೋ ಒಂದು ಅಧ್ಯಾಯವಾಗಿ ಬಂದು ಹೋಗುತ್ತದೆ. ವಿಮೆಯ ವಿಷಯವನ್ನು ಹೆಚ್ಚಿನವರು ಓದುವುದೇ ಇಲ್ಲ. ವಾರ್ಡಿಗೆ ಬಂದ ಮೇಲೆ ಈ ಮೂರೂ ಒಂದೇ ಜಾಗದಲ್ಲಿ ಸೇರುತ್ತವೆ. ಯಾವ ಜಾಗ ಅಂದರೆ, ನೀವು ಕೇಸ್ ಶೀಟಿನಲ್ಲಿ, ಅಂದರೆ ರೋಗಿಯ ದಾಖಲೆಯಲ್ಲಿ, ಬರೆಯುವ ನಾಲ್ಕು ಸಾಲು. ಅದನ್ನು ನೋಡಿ ಡಾಕ್ಟರು ಔಷಧಿ ಬದಲಾಯಿಸುತ್ತಾರೆ. ತಕರಾರು ಬಂದರೆ ಕೋರ್ಟಿನಲ್ಲಿ ಅದನ್ನೇ ಓದುತ್ತಾರೆ. ಕ್ಲೇಮಿನ ಹಣ ಕೊಡಬೇಕೋ ಬೇಡವೋ ಅಂತ ವಿಮೆಯವರು ತೀರ್ಮಾನ ಮಾಡುವುದೂ ಅದನ್ನೇ ನೋಡಿ.

ನಾನು ಹೊಸನಗರದ ಕಡೆಯವಳು. ಶಿವಮೊಗ್ಗದಲ್ಲಿ ವಾರ್ಡ್ ಡ್ಯೂಟಿ ಮಾಡಿ, ಈಗ ವಿದ್ಯಾರ್ಥಿಗಳನ್ನು ಕ್ಲಿನಿಕಲ್ ಪೋಸ್ಟಿಂಗ್‌ಗೆ ಕರೆದುಕೊಂಡು ಹೋಗುತ್ತೇನೆ. ಸೊರಬ, ಸಾಗರ, ತೀರ್ಥಹಳ್ಳಿ, ಶಿಕಾರಿಪುರದ ಹಳ್ಳಿಗಳಿಂದ ಬಂದ ಮಕ್ಕಳೇ ಜಾಸ್ತಿ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನೋಡುವುದು, ಕೇಳುವುದು

ನರ್ಸಿಂಗ್ ಪ್ರೋಸೆಸ್ ಅಂದರೆ ಐದು ಹಂತ. ರೋಗಿಯ ಸ್ಥಿತಿ ತಿಳಿಯುವುದು, ತೊಂದರೆ ಏನೆಂದು ಗುರುತಿಸುವುದು, ಏನು ಮಾಡಬೇಕೆಂದು ಯೋಜಿಸುವುದು, ಮಾಡುವುದು, ಮಾಡಿದ್ದರಿಂದ ಏನಾಯಿತೆಂದು ನೋಡುವುದು. ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ವಾರ್ಡಿನಲ್ಲಿ ಮೊದಲನೆಯದು ಮತ್ತು ಕೊನೆಯದು ಬಿಟ್ಟುಹೋಗುತ್ತವೆ. ಜ್ವರ ಇದೆ ಅಂದ ಕೂಡಲೇ ಮಾತ್ರೆ ಕೊಟ್ಟು ಮುಂದಿನ ಹಾಸಿಗೆಗೆ ಹೋಗುತ್ತೇವೆ. ಅರ್ಧ ಗಂಟೆ, ಒಂದು ಗಂಟೆ ಬಿಟ್ಟು ಜ್ವರ ಇಳಿಯಿತಾ ಅಂತ ನೋಡಿ ಬರೆಯುವವರು ಕಡಿಮೆ.

ನಮ್ಮ ಕಡೆಯ ಒಂದು ಉದಾಹರಣೆ ತೆಗೆದುಕೊಳ್ಳಿ. ಫೆಬ್ರವರಿ ತಿಂಗಳು. ತೋಟದ ಕೆಲಸ ಮಾಡುವ ನಲವತ್ತರ ಹೆಂಗಸು ಜೋರು ಜ್ವರ, ತಲೆನೋವು, ಮೈಕೈ ನೋವು ಅಂತ ಬರುತ್ತಾರೆ. ಕಣ್ಣು ಕೆಂಪಗಿದೆ. ಇಲ್ಲಿ ಕೇಳಲೇಬೇಕಾದ ಪ್ರಶ್ನೆಗಳಿವೆ. ಕಾಡಿಗೆ ಹೋಗಿದ್ರಾ? ದರಕು (ಒಣಗಿದ ಎಲೆ) ತರೋಕೆ, ಸೌದೆ ತರೋಕೆ ಹೋಗಿದ್ರಾ? ಉಣುಗು (ಉಣ್ಣೆ) ಕಚ್ಚಿತ್ತಾ? ಮನೆ ಹತ್ತಿರ ಮಂಗ ಸತ್ತುಬಿದ್ದಿದ್ದು ಕಂಡಿದ್ರಾ? ಇದನ್ನೆಲ್ಲ ಕೇಳುವುದು ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಅನುಮಾನಕ್ಕೆ. ಅದನ್ನು ಮೊದಲು ಗುರುತಿಸಿದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಅದಕ್ಕೆಂದೇ ಇರುವ ಔಷಧಿ ಇಲ್ಲ. ಹಾಗಾಗಿ ಆ ರೋಗಿ ಉಳಿಯುವುದು ಬಹುಮಟ್ಟಿಗೆ ಆರೈಕೆಯಿಂದ. ಒಳಗೆ ಹೋದ ನೀರೆಷ್ಟು, ಹೊರಗೆ ಬಂದ ಮೂತ್ರ ಎಷ್ಟು ಅಂತ ಲೆಕ್ಕ ಇಡಬೇಕು. ವಸಡು, ಮೂಗು, ಮಲದಲ್ಲಿ ರಕ್ತ ಕಾಣುತ್ತಾ ನೋಡಬೇಕು. ಪ್ಲೇಟ್ಲೆಟ್ ವರದಿ ಬಂದ ಕೂಡಲೇ ಡಾಕ್ಟರಿಗೆ ಹೇಳಬೇಕು. ಇಂಥ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ತರದ ನೋವಿನ ಮಾತ್ರೆ ರಕ್ತಸ್ರಾವ ಹೆಚ್ಚಿಸಬಹುದು. ಮೆಡಿಕಲ್‌ನಲ್ಲಿ ಏನಾದರೂ ಮಾತ್ರೆ ತಗೊಂಡು ಬಂದಿದ್ದಾರಾ ಅಂತ ಕೇಳಿ. ಚೀಟಿ ಇಲ್ಲದಿದ್ದರೆ ಮಾತ್ರೆಯ ಹಾಳೆ ತರಿಸಿ ನೋಡಿ. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಕೆಲವರಿಗೆ ಮತ್ತೆ ಬರುತ್ತದೆ. ಆಗ ತಲೆನೋವಿನ ಜೊತೆ ಕೈ ನಡುಕ, ಗೊಂದಲ ಕಾಣಿಸಬಹುದು. ಡಿಸ್ಚಾರ್ಜ್ ಹೊತ್ತಿನಲ್ಲಿ ಇದನ್ನು ಮನೆಯವರಿಗೆ ಬಿಡಿಸಿ ಹೇಳಬೇಕು.

ಇದೇ ಹೆಂಗಸು ಜುಲೈನಲ್ಲಿ ಗದ್ದೆ ನಾಟಿ ಮುಗಿಸಿ ಬಂದಿದ್ದರೆ ಬೇರೆ ಪ್ರಶ್ನೆ. ಕಾಲಲ್ಲಿ ಗಾಯ ಇತ್ತಾ, ಕೆಸರಲ್ಲಿ ಎಷ್ಟು ಹೊತ್ತು ನಿಂತಿದ್ರಿ, ಮೂತ್ರ ಹಳದಿ ಆಗಿದೆಯಾ. ಆಗ ಮನಸ್ಸಿನಲ್ಲಿ ಇರಬೇಕಾದದ್ದು ಇಲಿಜ್ವರ.

ವೈಟಲ್ಸ್ ಸಂಖ್ಯೆಗಳು ಬಾಯಿಪಾಠ ಇರಲಿ. ದೊಡ್ಡವರಿಗೆ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20, ಆಮ್ಲಜನಕದ ಮಟ್ಟ ಶೇ. 95 ಅಥವಾ ಅದಕ್ಕಿಂತ ಮೇಲೆ. ಅಳೆಯುವ ರೀತಿಯ ಬಗ್ಗೆ ಎರಡು ಮಾತು. ಉಸಿರು ಎಣಿಸುತ್ತಿದ್ದೀರಿ ಅಂತ ರೋಗಿಗೆ ಗೊತ್ತಾದರೆ ಉಸಿರು ಬದಲಾಗುತ್ತದೆ. ನಾಡಿ ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡು ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಿ. ಬಿ.ಪಿ. ನೋಡುವ ಮೊದಲು ಐದು ನಿಮಿಷ ಕೂರಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಇಡಿ. ಮೆಟ್ಟಿಲು ಹತ್ತಿ ಬಂದವರಿಗೆ ಕೂಡಲೇ ಪಟ್ಟಿ ಕಟ್ಟಿ 160 ಬರೆದರೆ ಆ ಸಂಖ್ಯೆಗೆ ಬೆಲೆ ಇಲ್ಲ. ಉಸಿರಿನ ಕಾಲಂನಲ್ಲಿ ಎಲ್ಲರಿಗೂ 20, 20, 20 ಅಂತ ತುಂಬಿದ ಚಾರ್ಟ್‌ಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ರೋಗಿ ಕೆಡುತ್ತಿದ್ದಾರೆ ಅನ್ನುವುದು ಎಷ್ಟೋ ಸಲ ಮೊದಲು ಕಾಣುವುದೇ ಉಸಿರಿನಲ್ಲಿ.

ಇನ್ಸುಲಿನ್, ಡ್ರಿಪ್, ಕೈ ತೊಳೆಯುವುದು

ಔಷಧಿ ಕೊಡುವಾಗ ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ, ಕೊಟ್ಟ ಮೇಲೆ ಬರೆಯುವುದು. ಹೆಸರು ಕೇಳುವಾಗ "ನೀವು ಲಕ್ಷ್ಮಮ್ಮ ಅಲ್ವಾ?" ಅಂತ ಕೇಳಬೇಡಿ. ಕಿವಿ ಕೇಳದವರು, ಸಂಕೋಚದವರು ಹೂಂ ಅಂದುಬಿಡುತ್ತಾರೆ. "ನಿಮ್ಮ ಹೆಸರು ಹೇಳಿ" ಅನ್ನಿ. ಕೈಪಟ್ಟಿಯ ನಂಬರಿನ ಜೊತೆ ತಾಳೆ ನೋಡಿ. ಒಂದೇ ವಾರ್ಡಿನಲ್ಲಿ ಇಬ್ಬರು ಮಂಜಪ್ಪ, ಇಬ್ಬರು ನಾಗರತ್ನ ಇರುವುದು ನಮ್ಮಲ್ಲಿ ಮಾಮೂಲು.

ಇನ್ಸುಲಿನ್ ವಿಷಯವನ್ನು ಮಾತ್ರ ನಿಧಾನವಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಒಂದು ಎಂ.ಎಲ್.ಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಬರುವುದು 100 ಯೂನಿಟ್. 100 ಯೂನಿಟ್ಟಿನ ಬಾಟಲಿಯೂ ಇದೆ. ಸಿರಿಂಜ್ ಕೂಡ ಎರಡು ಬಗೆ. 40ರದ್ದಕ್ಕೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆ ತನಕ ಎಳೆದರೆ ಅದು ಅರ್ಧ ಎಂ.ಎಲ್. ಅಂದರೆ ಒಳಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು! ರೋಗಿಯ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು, ಜೀವವೂ ಹೋಗಬಹುದು. ತಿರುಗಾ ಮುರುಗಾ ಆದರೆ, ಅಂದರೆ 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ತನಕ ಎಳೆದರೆ, ಹೋಗುವುದು ಬರೀ 8 ಯೂನಿಟ್. ಹಾಗಾಗಿ ಬಾಟಲಿಯ ಮೇಲಿನ ಸಂಖ್ಯೆಯನ್ನು ಗಟ್ಟಿಯಾಗಿ ಓದಿ. ಸಿರಿಂಜಿನ ಮೇಲಿನದ್ದನ್ನೂ ಓದಿ. ಎರಡೂ ಒಂದೇ ಆಗಿದೆಯಾ ನೋಡಿ. ಎಳೆದದ್ದನ್ನು ಇನ್ನೊಬ್ಬ ಸಿಸ್ಟರಿಗೆ ತೋರಿಸಿ. ಊಟದ ತಟ್ಟೆ ಬಂದಿದೆಯಾ ಅಂತಲೂ ನೋಡಿ. ಊಟಕ್ಕೆ ಮುಂಚಿನ ಇನ್ಸುಲಿನ್ ಕೊಟ್ಟು, ಮನೆಯವರು ಬಸ್ಸಿನಲ್ಲಿ ಊಟ ತರ್ತಾ ಇದ್ದಾರೆ ಅಂದರೆ ಆಗುವುದಿಲ್ಲ.

ಡ್ರಿಪ್ ಲೆಕ್ಕ ಸುಲಭ. ಸೆಟ್ಟಿನ ಕವರ್ ಮೇಲೆ ಒಂದು ಎಂ.ಎಲ್.ಗೆ ಎಷ್ಟು ಹನಿ ಅಂತ ಬರೆದಿರುತ್ತದೆ. 20 ಹನಿಯ ಸೆಟ್ಟಿನಲ್ಲಿ 500 ಎಂ.ಎಲ್. ಅನ್ನು 8 ಗಂಟೆಯಲ್ಲಿ ಕೊಡಬೇಕಾದರೆ, 500 ಗುಣಿಸು 20, ಭಾಗಿಸು 480 ನಿಮಿಷ. ನಿಮಿಷಕ್ಕೆ ಸುಮಾರು 21 ಹನಿ. ಕಣ್ಣಂದಾಜಿನಲ್ಲಿ ತಿರುಗಿಸಿ ಹೋಗಬೇಡಿ, ಗಡಿಯಾರ ನೋಡಿ ಎಣಿಸಿ.

ಸೋಪಿನಲ್ಲಿ ಕೈ ತೊಳೆಯುವುದಕ್ಕೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30. ತೊಳೆಯಬೇಕಾದದ್ದು ಐದು ಹೊತ್ತಿನಲ್ಲಿ: ರೋಗಿಯನ್ನು ಮುಟ್ಟುವ ಮೊದಲು, ಸೋಂಕು ತಾಗದಂತೆ ಮಾಡಬೇಕಾದ ಕೆಲಸಕ್ಕೆ ಮೊದಲು, ದೇಹದ ದ್ರವ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಮಂಚದ ಕಂಬಿಯೂ ಲೆಕ್ಕಕ್ಕೆ ಬರುತ್ತದೆ.

ಮಳೆಗಾಲದ ಹಾಸಿಗೆ ಹುಣ್ಣು

ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನಲ್ಲಿ ಬಟ್ಟೆ ಒಣಗುವುದಿಲ್ಲ, ನಿಮಗೇ ಗೊತ್ತು. ದುಪ್ಪಟಿ ಮುಟ್ಟಿದರೆ ಒಣಗಿದೆ ಅನಿಸುತ್ತದೆ, ಅಂಗೈ ಒತ್ತಿ ಇಟ್ಟರೆ ತಂಪು ಹತ್ತುತ್ತದೆ. ತೇವದ ಮೇಲೆ ಮಲಗಿದ ಚರ್ಮ ಬೇಗ ಒಡೆಯುತ್ತದೆ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಕೊನೆಗಾರರು (ಅಡಿಕೆ ಗೊನೆ ಇಳಿಸುವವರು) ಬರುತ್ತಾರೆ. ಸೊಂಟದ ಕೆಳಗೆ ಅವರಿಗೆ ಸ್ಪರ್ಶವೇ ಇರುವುದಿಲ್ಲ. ನೋವಾದರೂ ಹೇಳಲಾರರು. ಅವರ ಪರವಾಗಿ ನೋಡುವ ಕಣ್ಣು ನಿಮ್ಮದೇ ಆಗಬೇಕು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ. ಬದಲಾಯಿಸುವಾಗ ಬೆನ್ನಿನ ಬುಡ, ಹಿಮ್ಮಡಿ, ಸೊಂಟದ ಮೂಳೆ, ತಲೆಯ ಹಿಂಭಾಗ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಂಡು, ಬಿಟ್ಟಾಗ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಬಿಳಿಚದಿದ್ದರೆ ಹುಣ್ಣಿನ ಮೊದಲ ಹಂತ ಶುರುವಾಗಿದೆ. ನಮ್ಮ ಜನರ ಚರ್ಮದಲ್ಲಿ ಈ ಕೆಂಪು ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಬೆರಳ ಹಿಂಭಾಗದಿಂದ ಮುಟ್ಟಿ. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮೆತ್ತಗೆ ಕುಸಿಯುತ್ತಾ ನೋಡಿ. ಆ ಜಾಗವನ್ನು ತಿಕ್ಕಬೇಡಿ. ಮನೆಯವರು ಪ್ರೀತಿಯಿಂದ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ತಿಕ್ಕಿದರೆ ಒಳಗಿನ ಅಂಗಾಂಶ ಇನ್ನೂ ಹಾಳಾಗುತ್ತದೆ ಅಂತ ಸಮಾಧಾನವಾಗಿ ತಿಳಿಸಿ.

ಈ ಕೆಲಸದ ಬೆಲೆ ಏನು ಅನ್ನುವುದಕ್ಕೆ ನಾನು ಅರುಣಾ ಶಾನಭಾಗ ಅವರ ವಿಷಯ ಹೇಳುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಅದೇ ಹೊನ್ನಾವರದ ಹಳದೀಪುರದ ಹುಡುಗಿ ಅವರು. ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿನ ಕೆಲಸಗಾರನೊಬ್ಬ ಅವರ ಮೇಲೆ ದೌರ್ಜನ್ಯ ಮಾಡಿದ. ಮೆದುಳಿಗೆ ಪೆಟ್ಟಾಗಿ ಅವರು ಮತ್ತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವ ತನಕ, 40 ವರ್ಷಕ್ಕೂ ಜಾಸ್ತಿ ಕಾಲ, ಅದೇ ಆಸ್ಪತ್ರೆಯ ನರ್ಸ್‌ಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಅವರ ಮೈಯಲ್ಲಿ ಹಾಸಿಗೆ ಹುಣ್ಣು ಇರಲಿಲ್ಲ. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಆ ಸಿಬ್ಬಂದಿ ಒಪ್ಪಲಿಲ್ಲ. 2011ರ ಮಾರ್ಚ್ 7ರ ತೀರ್ಪಿನಲ್ಲಿ ಕೋರ್ಟು, ಅವರ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ಹಗಲೂ ರಾತ್ರಿ ನೋಡಿಕೊಂಡ ಆಸ್ಪತ್ರೆಯವರಿಗೇ ಇದೆ ಎಂದು ಹೇಳಿ ಅರ್ಜಿ ತಳ್ಳಿಹಾಕಿತು. ಅದೇ ತೀರ್ಪು, ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಲು ದಾರಿಯನ್ನೂ ತೆರೆಯಿತು. ಎರಡೂ ಒಂದೇ ತೀರ್ಪಿನಲ್ಲಿ. ನೀತಿಯ ಪ್ರಶ್ನೆಗಳು ಎಷ್ಟು ಕಷ್ಟದವು ಅಂತ ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಒಪ್ಪಿಗೆ ಮತ್ತು ಗುಟ್ಟು

ಪುಸ್ತಕದಲ್ಲಿ ನಾಲ್ಕು ತತ್ವ ಇವೆ. ರೋಗಿಯ ನಿರ್ಧಾರಕ್ಕೆ ಬೆಲೆ ಕೊಡು, ಒಳ್ಳೆಯದನ್ನು ಮಾಡು, ಕೆಡುಕು ಮಾಡಬೇಡ, ಎಲ್ಲರಿಗೂ ನ್ಯಾಯವಾಗಿ ನಡೆದುಕೋ. ಇವು ಒಂದಕ್ಕೊಂದು ಜಗಳಕ್ಕೆ ನಿಂತಾಗಲೇ ನಿಜವಾದ ಪಾಠ ಶುರು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಕೆಲಸ ವಿದ್ಯಾರ್ಥಿಗಳ ಪಾಲಿಗೆ ಬರುತ್ತದೆ. ಆಪರೇಷನ್ ಏನು, ಅಪಾಯ ಏನು, ಬೇರೆ ದಾರಿ ಏನಿದೆ ಅಂತ ವಿವರಿಸುವುದು ಡಾಕ್ಟರ ಕೆಲಸ. ರೋಗಿಗೆ ಅರ್ಥವಾಗಿದೆಯಾ ಅಂತ ನೋಡುವುದು ನಿಮ್ಮದು. "ನಾಳೆ ಏನು ಮಾಡ್ತಾರೆ ಅಂತ ಹೇಳಿದ್ರು? ನಿಮ್ಮ ಮಾತಲ್ಲೇ ಹೇಳಿ ನೋಡೋಣ" ಅಂತ ಕೇಳಿ. "ಅದೆಲ್ಲ ನಂಗೆ ಗೊತ್ತಿಲ್ಲ, ಮಗಂಗೆ ಗೊತ್ತು" ಅಂದರೆ ಪೆನ್ನು ಕೊಡಬೇಡಿ. ಡಾಕ್ಟರನ್ನು ಮತ್ತೆ ಕರೆಯಿರಿ. ಬೈದರೂ ಪರವಾಗಿಲ್ಲ. ಹೆಬ್ಬೆಟ್ಟು ಒತ್ತುವವರಾದರೆ, ಓದಿ ಹೇಳಿದ್ದಕ್ಕೆ ಸಾಕ್ಷಿಯ ಸಹಿ ಬೇಕು.

ಹದಿನೆಂಟು ದಾಟಿ, ಸರಿಯಾದ ಬುದ್ಧಿಯಲ್ಲಿರುವ ಮನುಷ್ಯನ ಪರವಾಗಿ ಗಂಡ, ಮಗ, ತಾಯಿ ಯಾರೂ ಒಪ್ಪಿಗೆ ಕೊಡುವಂತಿಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ. ಆಕೆ ಒಪ್ಪಿದ್ದು ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯೊಳಗೆ ಕೊಳವೆ ಕ್ಯಾಮೆರಾ ಹಾಕಿ, ನೋಡುವುದಕ್ಕೆ. ಅರಿವಳಿಕೆಯಲ್ಲಿ ಇದ್ದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದರು. ಜೀವಕ್ಕೆ ಅಪಾಯ ಇರಲಿಲ್ಲ, ಆಕೆಗೆ ಎಚ್ಚರವಾಗುವ ತನಕ ಕಾಯಬಹುದಿತ್ತು ಎಂದಿತು ಕೋರ್ಟು. ನಮ್ಮ ಊರುಗಳಲ್ಲಿ ಹೆಂಗಸರ ಆಪರೇಷನ್‌ಗೆ ಗಂಡನ ಸಹಿ ಇದ್ದರೆ ಸಾಕು ಅನ್ನುವ ಅಭ್ಯಾಸ ಇನ್ನೂ ಇದೆ. ಗಂಡ ಸಹಿ ಹಾಕಲಿ, ಬೇಡ ಅನ್ನಲ್ಲ. ಮೊದಲು ಆಕೆಯನ್ನು ಕೇಳಿ.

"ಅಪ್ಪಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಸಿಸ್ಟರ್, ಎದೆ ಒಡ್ಕೊಳ್ತಾರೆ." ಬಾಯಿ ಕ್ಯಾನ್ಸರ್ ವಾರ್ಡಿನಲ್ಲಿ ಈ ಮಾತು ಮತ್ತೆ ಮತ್ತೆ ಕೇಳುತ್ತದೆ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಎಲ್ಲ ನಮ್ಮ ಕಡೆ ಜಾಸ್ತಿ. ಮಗನ ಮಾತಿನಲ್ಲಿ ಪ್ರೀತಿ ಇದೆ, ಅದನ್ನು ತಳ್ಳಿಹಾಕಬೇಡಿ. ಆದರೆ ಸುಳ್ಳು ಹೇಳಲು ಒಪ್ಪಬೇಡಿ. ನಾನು ಹೇಳುವುದು ಇಷ್ಟು: "ನಾನಾಗಿ ಹೋಗಿ ಹೇಳಲ್ಲ. ಅವರೇ ಕೇಳಿದರೆ ಡಾಕ್ಟರನ್ನು ಕರೀತೀನಿ. ನೀವೂ ಜೊತೆಗಿರಿ." ಅಪ್ಪನಿಗೆ ಎಷ್ಟು ತಿಳಿಯಬೇಕು ಅನ್ನುವುದನ್ನು ಅಪ್ಪನಿಂದಲೇ ತಿಳಿಯಬೇಕು. ತೋಟ ಯಾರ ಹೆಸರಿಗೆ, ಸಾಲ ಎಷ್ಟು ಬಾಕಿ, ಮಗಳ ಮದುವೆ ಯಾವಾಗ ಅಂತ ಅವರಿಗೂ ಯೋಚನೆ ಮಾಡಬೇಕಾದದ್ದು ಇರುತ್ತದೆ, ಅಲ್ವಾ?

ಗುಟ್ಟು ಕಾಪಾಡುವುದು ಬೆಂಗಳೂರಿಗಿಂತ ನಮ್ಮಲ್ಲಿ ಕಷ್ಟ. ಇಲ್ಲಿ ಪ್ರತಿ ರೋಗಿಯೂ ಯಾರಿಗೋ ನೆಂಟ. ಶಿವಮೊಗ್ಗದಿಂದ ತೀರ್ಥಹಳ್ಳಿ ಬಸ್ಸಿನಲ್ಲಿ ಫೋನ್ ಹಿಡಿದು "ನಮ್ಮ ವಾರ್ಡಲ್ಲಿ ಇವತ್ತು..." ಅಂತ ಶುರು ಮಾಡಿದರೆ ಮಂಡಗದ್ದೆ ಬರುವಷ್ಟರಲ್ಲಿ ಹಿಂದಿನ ಸೀಟಿನವರಿಗೆ ಯಾರ ಮನೆ ಸೊಸೆ ಅಂತ ಗೊತ್ತಾಗಿರುತ್ತದೆ. ಹೆಸರು ಹೇಳದಿದ್ದರೂ ಊರು ಸಾಕು. ವಾರ್ಡಿನ ಫೋಟೋ ಸ್ಟೇಟಸ್‌ಗೆ ಹಾಕಬೇಡಿ. ಹಿಂದೆ ಯಾರದೋ ಮುಖ, ಯಾರದೋ ಚಾರ್ಟ್ ಕಾಣುತ್ತದೆ. ಎಚ್.ಐ.ವಿ. ಇರುವವರ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡುವುದನ್ನು 2017ರ ಕಾನೂನೇ ತಡೆಯುತ್ತದೆ. ಮಂಚದ ತಲೆಯ ಹತ್ತಿರ ಕೆಂಪು ಅಕ್ಷರದಲ್ಲಿ ಗುರುತು ಹಾಕುವುದೂ ಬಯಲು ಮಾಡಿದ ಹಾಗೇ. ಎಚ್ಚರಿಕೆ ಎಲ್ಲ ರೋಗಿಗಳಿಗೂ ಒಂದೇ ತರ ಇದ್ದರೆ ಗುರುತಿನ ಅಗತ್ಯವೇ ಬರುವುದಿಲ್ಲ.

ವಿಮೆ: ಹಾಸಿಗೆ ಪಕ್ಕದಲ್ಲಿ ಕೇಳುವ ಪ್ರಶ್ನೆಗಳು

"ಕಾರ್ಡ್ ನಡೆಯುತ್ತಾ ಸಿಸ್ಟರ್?" ಇದು ಬಿ.ಪಿ. ಎಷ್ಟು ಅನ್ನುವುದಕ್ಕಿಂತ ಮೊದಲು ಬರುವ ಪ್ರಶ್ನೆ. "ನಂಗೊತ್ತಿಲ್ಲ, ಕೆಳಗೆ ಕೇಳಿ" ಅಂದರೆ ಅವರು ಹಸು ಮಾರುವ ಲೆಕ್ಕ ಹಾಕುತ್ತಾ ಕೂರುತ್ತಾರೆ. ಅದಕ್ಕೆ ಇಷ್ಟಾದರೂ ತಿಳಿದಿರಿ.

ನಮ್ಮ ರಾಜ್ಯದಲ್ಲಿ 2018ರಿಂದ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಒಟ್ಟಾಗಿ ನಡೆಯುತ್ತಿವೆ. ನೋಡಿಕೊಳ್ಳುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ. ಒಬ್ಬೊಬ್ಬರಿಗೆ 5 ಲಕ್ಷ ಅಲ್ಲ, ಇಡೀ ಮನೆಗೆ. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ಮನೆಗೆ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಮೊದಲಿನಿಂದ ಇದ್ದ ಕಾಯಿಲೆಗೂ ಸಿಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ (ಬೇರೆ ಆಸ್ಪತ್ರೆಗೆ ಕಳಿಸುವ ಚೀಟಿ) ಬೇಕು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ರೆಫರಲ್ ಇಲ್ಲದೆಯೂ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ರೆಫರಲ್ ಚೀಟಿ ಇಲ್ಲದೆ ನೇರ ಖಾಸಗಿಗೆ ಹೋಗಿ, ಆಮೇಲೆ ಚೀಟಿಗೆ ಓಡಾಡುವವರು ತುಂಬಾ ಜನ. ಆಸ್ಪತ್ರೆಯಲ್ಲಿ ಈ ಯೋಜನೆಯ ಬಗ್ಗೆ ಸಹಾಯ ಮಾಡಲು ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ. ಅವರ ಕೌಂಟರ್ ಎಲ್ಲಿ, ಎಷ್ಟು ಹೊತ್ತಿಗೆ ಇರುತ್ತಾರೆ ಅಂತ ಪೋಸ್ಟಿಂಗ್‌ನ ಮೊದಲ ದಿನವೇ ತಿಳಿದುಕೊಳ್ಳಿ. ರೇಷನ್ ಕಾರ್ಡು, ಆಧಾರ್ ಎರಡೂ ತರಿಸಲು ಮನೆಯವರಿಗೆ ಹೇಳಿ.

ಯಶಸ್ವಿನಿ ಬೇರೆ. ಅದು ಸಹಕಾರ ಸಂಘದ ಸದಸ್ಯರಿಗೆ. ಹಾಲಿನ ಡೇರಿ, ಕೃಷಿ ಪತ್ತಿನ ಸಂಘದಲ್ಲಿ ಸದಸ್ಯರಾಗಿದ್ದು, ಆ ವರ್ಷದ ವಂತಿಗೆ ಕಟ್ಟಿದ್ದರೆ ಮಾತ್ರ. ಕಾರ್ಖಾನೆ, ಅಂಗಡಿಗಳಲ್ಲಿ ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರಿಗೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಇರಬಹುದು. ಸಂಬಳದ ಚೀಟಿಯಲ್ಲಿ ಶೇ. 0.75 ಹಿಡಿದಿದ್ದಾರಾ ನೋಡಿದರೆ ಗೊತ್ತಾಗುತ್ತದೆ.

ಖಾಸಗಿ ಪಾಲಿಸಿಯಲ್ಲಿ ಜನ ಎಡವುವುದು ಮೂರು ಕಡೆ. ಮೊದಲನೆಯದು ಕಾಯುವ ಅವಧಿ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದದ್ದಕ್ಕೆ ಸಾಮಾನ್ಯವಾಗಿ ಮೊದಲ 30 ದಿನ ಏನೂ ಸಿಗುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಬೇಕಾಗಬಹುದು. ಎರಡನೆಯದು ಕೋ-ಪೇ, ಅಂದರೆ ಬಿಲ್ಲಿನಲ್ಲಿ ರೋಗಿಯೇ ಕಟ್ಟಬೇಕಾದ ಪಾಲು. ಶೇ. 10 ಅಂದರೆ 80,000ದ ಬಿಲ್ಲಿನಲ್ಲಿ 8,000 ರೋಗಿಯದು. ಮೂರನೆಯದು ಕೋಣೆ ಬಾಡಿಗೆಯ ಮಿತಿ. ದಿನಕ್ಕೆ 3,000 ಮಿತಿ ಇರುವವರು 6,000ದ ಕೋಣೆ ತೆಗೆದುಕೊಂಡರೆ ಮೇಲಿನ 3,000 ಮಾತ್ರ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹಲವು ಪಾಲಿಸಿಗಳಲ್ಲಿ ಡಾಕ್ಟರ ಫೀಸು, ಆಪರೇಷನ್ ಥಿಯೇಟರ್ ಖರ್ಚನ್ನೂ ಅದೇ ಲೆಕ್ಕದಲ್ಲಿ ಅರ್ಧಕ್ಕೆ ಇಳಿಸುತ್ತಾರೆ. ಕೋಣೆ ಕೇಳುವ ಮೊದಲು ಪಾಲಿಸಿ ನೋಡಿ ಅಂತ ಒಂದು ಮಾತು ಹೇಳಿದರೆ ಎಷ್ಟೋ ಸಾವಿರ ಉಳಿಯುತ್ತದೆ. ಕ್ಯಾಶ್‌ಲೆಸ್ (ವಿಮೆಯವರೇ ಆಸ್ಪತ್ರೆಗೆ ನೇರ ಹಣ ಕಟ್ಟುವ) ಅರ್ಜಿಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ವಿಮೆಯವರು ಉತ್ತರ ಕೊಡಬೇಕು ಅಂತ 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ.

"ಎಷ್ಟು ವರ್ಷದಿಂದ ಶುಗರ್ ಇದೆ?"

ಈಗ ಮೊದಲು ಹೇಳಿದ ನಾಲ್ಕು ಸಾಲಿಗೆ ಬರೋಣ. ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಗೆ ಸಾಗರದ ಕಡೆಯ ಒಬ್ಬರು ಕಾಲಿನ ಸೋಂಕಿನಿಂದ ದಾಖಲಾದರು. ಅಡ್ಮಿಷನ್ ಹೊತ್ತಿನಲ್ಲಿ ಶುಗರ್ ಎಷ್ಟು ವರ್ಷದಿಂದ ಅಂತ ಕೇಳಿದರೆ, ಜೊತೆಗೆ ಬಂದ ಭಾವಮೈದ "ಅದೆಲ್ಲಾ ಒಂದ್ ಹತ್ತು ವರ್ಷ ಆಗಿರಬಹುದು" ಅಂದ. ಶೀಟಿನಲ್ಲಿ "ಮಧುಮೇಹ, 10 ವರ್ಷ" ಅಂತ ಬಂತು. ಅವರ ಪಾಲಿಸಿ ಆಗಿದ್ದು ನಾಲ್ಕು ವರ್ಷದ ಹಿಂದೆ. ಅರ್ಜಿಯಲ್ಲಿ ಶುಗರ್ ಇಲ್ಲ ಅಂತಿತ್ತು. ಕಾಯಿಲೆ ಮುಚ್ಚಿಟ್ಟಿದ್ದಾರೆ ಅಂತ ಕ್ಲೇಮ್ ನಿಂತಿತು. ನಿಜದಲ್ಲಿ ಶುಗರ್ ಪತ್ತೆಯಾಗಿದ್ದು ಪಾಲಿಸಿ ಮಾಡಿದ ಮೇಲೆ. ಹಳೆಯ ಲ್ಯಾಬ್ ಚೀಟಿ ಮನೆಯಲ್ಲೇ ಇತ್ತು.

ಆಗ ಮನೆಯವರು ಬಂದು ಕೇಳಿದ್ದು ಒಂದೇ, "ಆ ಹಾಳೆ ಬದಲಾಯಿಸಿಕೊಡಿ." ಅವರ ಸಂಕಟ ನಿಜವಾದದ್ದು. ಆದರೂ ಹಾಳೆ ಬದಲಾಯಿಸುವಂತಿಲ್ಲ. ಅದು ದಾಖಲೆ ತಿದ್ದಿದಂತೆ, ಅಪರಾಧವೂ ಆಗುತ್ತದೆ. ಆಗಬೇಕಾದದ್ದು ಹೀಗೆ: ಹಳೆಯ ಬರಹ ಹಾಗೇ ಇರಬೇಕು. ಇವತ್ತಿನ ತಾರೀಕು, ಸಮಯ ಹಾಕಿ ಹೊಸ ಟಿಪ್ಪಣಿ ಬರೆಯಬೇಕು. ಮೊದಲ ಮಾಹಿತಿ ಯಾರು ಕೊಟ್ಟದ್ದು, ಈಗ ಯಾವ ದಾಖಲೆ ನೋಡಿದೆವು, ಅದರಲ್ಲಿ ಯಾವ ತಾರೀಕು ಇದೆ ಅಂತ ಇರಬೇಕು. ಚಿಕಿತ್ಸೆ ಕೊಡುವ ಡಾಕ್ಟರು ಅದಕ್ಕೆ ಸಹಿ ಮಾಡಿ, ವಿಮೆಯವರಿಗೆ ಪತ್ರ ಕೊಡಬೇಕು. ಅಲ್ಲೂ ಹಾಗೇ ಆಯಿತು. ಅಷ್ಟರಲ್ಲಿ ಆ ಮನೆಯವರು ಬಡ್ಡಿಗೆ ಸಾಲ ತಂದಾಗಿತ್ತು.

ಇದನ್ನು ತಪ್ಪಿಸಲು ಮೊದಲೇ ಹೀಗೆ ಬರೆಯಿರಿ: "ಮಧುಮೇಹ ಇದೆ ಎಂದು ಭಾವಮೈದ ಹೇಳಿದರು, ಅವಧಿ ಖಚಿತವಿಲ್ಲ, ಹಳೆಯ ದಾಖಲೆ ತರಲು ತಿಳಿಸಲಾಗಿದೆ." ರೋಗಿ ಮಾತಾಡಬಲ್ಲವರಾದರೆ ರೋಗಿಯನ್ನೇ ಕೇಳಿ. ವಿಮೆಗೆ ಅನುಕೂಲವಾಗಲಿ ಅಂತ ಕಡಿಮೆ ಬರೆಯುವುದೂ ತಪ್ಪು, ಅಂದಾಜಿನಲ್ಲಿ ಜಾಸ್ತಿ ಬರೆಯುವುದೂ ತಪ್ಪು. ಕುಡಿತದ ವಿಷಯವೂ ಹಾಗೇ. ಬೈಕಿನಿಂದ ಬಿದ್ದವರ ಬಾಯಿ ವಾಸನೆ ಬಂತು ಅಂದರೆ "ಉಸಿರಿನಲ್ಲಿ ಮದ್ಯದ ವಾಸನೆ" ಅಂತ ಬರೆಯಬಹುದು. "ಕುಡಿದು ಬಿದ್ದಿದ್ದಾರೆ" ಅಂತ ಬರೆಯುವುದಕ್ಕೆ ನೀವು ಅಲ್ಲಿ ನಿಂತು ನೋಡಿಲ್ಲ.

ಹಾವು ಕಚ್ಚಿದವರು ಬಂದರೆ ಕಚ್ಚಿದ ಸಮಯ, ಆಸ್ಪತ್ರೆ ತಲುಪಿದ ಸಮಯ ಎರಡನ್ನೂ ಬರೆಯಿರಿ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಒಣಗಿದ ಗಾಜಿನ ಟ್ಯೂಬಿನಲ್ಲಿ 2 ಎಂ.ಎಲ್. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಇಟ್ಟ ಸಮಯವನ್ನು ಅದರ ಮೇಲೇ ಬರೆದು ಅಂಟಿಸಿ. ನಡುವೆ ಯಾರೂ ಎತ್ತಿ ಬಗ್ಗಿಸಿ ನೋಡದಂತೆ ಹೇಳಿ.

ಬರೆಯುವ ರೀತಿ ಬಗ್ಗೆ ಉಳಿದದ್ದು ಚುಟುಕಾಗಿ. ಮಾಡಿದ ಮೇಲೆ ಬರೆಯಿರಿ, ಮೊದಲೇ ಬರೆದಿಡಬೇಡಿ. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ಸಹಿ ಹಾಕಿ. ವೈಟ್ನರ್ ಬೇಡ. ನಡುವೆ ಖಾಲಿ ಸಾಲು ಬಿಡಬೇಡಿ. "ರೋಗಿ ಚೆನ್ನಾಗಿದ್ದಾರೆ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಎರಡು ಇಡ್ಲಿ ತಿಂದರು, ವಾಂತಿ ಇಲ್ಲ, ಬಾತ್‌ರೂಮಿಗೆ ಆಸರೆ ಹಿಡಿದು ನಡೆದರು, ನೋವು 10ಕ್ಕೆ 3 ಎಂದರು" ಅಂದರೆ ರಾತ್ರಿ ಪಾಳಿಯ ಸಿಸ್ಟರಿಗೆ ಚಿತ್ರ ಸಿಗುತ್ತದೆ.

ನಿಮ್ಮ ಸ್ವಂತ ರಕ್ಷಣೆ

ಪೋಸ್ಟಿಂಗ್‌ಗೆ ಮೊದಲು ಹೆಪಟೈಟಿಸ್ ಬಿ ಲಸಿಕೆ ಮುಗಿದಿರಲಿ. ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕೆಲಸಕ್ಕೆ ಸೇರಿದ ಮೇಲೆ ವೃತ್ತಿಪರ ಹೊಣೆಗಾರಿಕೆಯ ವಿಮೆ ಮಾಡಿಸಿ. ಆಸ್ಪತ್ರೆಯ ಪಾಲಿಸಿಯಲ್ಲಿ ನರ್ಸ್‌ಗಳೂ ಸೇರಿದ್ದಾರಾ ಅಂತ ಕೇಳಿ, ಬರಹದಲ್ಲಿ ನೋಡಿ.

ಸೂಜಿ ಚುಚ್ಚಿಕೊಂಡರೆ ಹಿಂಡಬೇಡಿ, ಬಾಯಿಗೆ ಇಡಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಿರಿ. ಕೂಡಲೇ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡುವ ಮಕ್ಕಳು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಎಚ್.ಐ.ವಿ. ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ಮೀರಬಾರದು. ಶುರು ಮಾಡಿದರೆ 28 ದಿನ ಪೂರ್ತಿ ತಗೋಬೇಕು. ಯಾವ ರೋಗಿಗೆ ಬಳಸಿದ ಸೂಜಿ, ಎಷ್ಟು ಹೊತ್ತಿಗೆ, ಯಾವ ಬೆರಳು, ಕೈಗವಸು ಇತ್ತಾ ಅನ್ನುವುದೆಲ್ಲ ಘಟನೆ ವರದಿಯಲ್ಲಿ ಬರಲಿ. ಅದಕ್ಕೆ ಸ್ವೀಕರಿಸಿದವರ ಸಹಿ ಹಾಕಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.